ಹಿಂದಿನ ಸಾಲಿನ ಎಂಟು ಸೂಸಾಫೋನ್

ಡಿಸೆಂಬರ್ 26, ಒಹಾಯೊ

ಹೊರಗೆ ಮೈನಸ್ ಆರು ಡಿಗ್ರಿ. ಶಾಲೆಯ ಹಿಂದೆ ಲಾರಿ ನಿಂತಿತ್ತು. ಮಕ್ಕಳು ವಿಮಾನ ಹತ್ತುವುದು 28ಕ್ಕೆ, ಆದರೆ ವಾದ್ಯಗಳು ಇವತ್ತೇ ಹೊರಡಬೇಕು. ಲಾಸ್ ಏಂಜಲೀಸ್ ಪಕ್ಕದ ಪ್ಯಾಸಡೀನಾ ಅಂದರೆ ನಮ್ಮೂರಿಂದ ಮೂರೂವರೆ ಸಾವಿರ ಕಿಲೋಮೀಟರಿಗೂ ಜಾಸ್ತಿ. ಅಲ್ಲಿ ಜನವರಿ 1ಕ್ಕೆ ನಡೆಯುವ ಹೂವಿನ ರಥ, ಬ್ಯಾಂಡುಗಳ ಮೆರವಣಿಗೆ ರೋಸ್ ಪರೇಡಿಗೆ ನಮ್ಮ ಹೈಸ್ಕೂಲಿನ ಮಾರ್ಚಿಂಗ್ ಬ್ಯಾಂಡಿಗೆ ಕರೆ ಬಂದಿತ್ತು. ನಾನು ಮಕ್ಕಳನ್ನು ನೋಡಿಕೊಳ್ಳುವ ಹಿರಿಯರ ಗುಂಪಿನಲ್ಲಿ ಒಬ್ಬ. ಇಲ್ಲಿ ಚಾಪರೋನ್ ಅಂತಾರೆ. ಬ್ಯಾಂಡ್-ಏಡ್, ನೀರಿನ ಬಾಟಲಿ, ಸೇಫ್ಟಿ ಪಿನ್ ಹೊತ್ತು ತಿರುಗುವ ಕೆಲಸ.

ಮಗಳು ನುಡಿಸುವುದು ಸೂಸಾಫೋನ್. ನೋಡಿಲ್ಲದವರು ಹೀಗೆ ಅಂದುಕೊಳ್ಳಿ: ಹಿತ್ತಾಳೆಯ ಹೆಬ್ಬಾವೊಂದು ಮೈಗೆ ಸುತ್ತಿಕೊಂಡು, ಹೆಗಲ ಮೇಲಿಂದ ಎದ್ದು, ತಲೆಯ ಮೇಲೆ ಬಾಯಿ ತೆರೆದಿದೆ. ಕೊಳವೆಯನ್ನು ಬಿಡಿಸಿ ನೇರ ಮಾಡಿದರೆ 18 ಅಡಿ. ತೂಕ 13-14 ಕಿಲೊ. ಅಷ್ಟೂ ಭಾರ ಎಡ ಹೆಗಲ ಮೇಲೆ.

ಆರನೇ ಕ್ಲಾಸಿನಲ್ಲಿ ವಾದ್ಯ ಆರಿಸಿಕೊಳ್ಳಿ ಎಂದಾಗ ನಾನು ಫ್ಲೂಟ್ ಎಂದುಕೊಂಡಿದ್ದೆ. ಸಣ್ಣದು, ಬ್ಯಾಗಿನಲ್ಲಿ ಹಿಡಿಯುತ್ತೆ, ಮುಂದೆ ನಮ್ಮ ಕೊಳಲಿಗೂ ದಾರಿಯಾದೀತು. ಅವಳು ಟ್ಯೂಬಾ ಬೇಕು ಅಂದಳು. ಹೈಸ್ಕೂಲಿಗೆ ಬಂದ ಮೇಲೆ ಅದರ ಮೆರವಣಿಗೆ ರೂಪವಾದ ಸೂಸಾಫೋನ್. "ಅದರಲ್ಲಿ ಬರೀ ಬೊಂಬೊಂ ಅಂತ ತಾನೇ ಬರೋದು?" ಎಂದು ಕೇಳಿ ಎರಡು ದಿನ ಮಾತು ಬಿಡಿಸಿಕೊಂಡಿದ್ದೆ.

ಬ್ಯಾಂಡಿನಲ್ಲಿ 184 ಮಕ್ಕಳು. ಅದರಲ್ಲಿ ಸೂಸಾಗಳು ಎಂಟೇ. ಐದು ಹುಡುಗರು, ಮೂರು ಹುಡುಗಿಯರು. ಈ ಎಂಟು ಜನರ ಗತ್ತು ನೋಡಿದರೆ ಉಳಿದ 176 ಮಕ್ಕಳು ಇವರ ಹಿಮ್ಮೇಳಕ್ಕೆ ಬಂದಿದ್ದಾರೆ ಅನ್ನಬೇಕು. ಊಟಕ್ಕೆ ಒಟ್ಟಿಗೇ ಕೂರುತ್ತಾರೆ. ಪ್ರತಿ ವಾದ್ಯಕ್ಕೂ ಒಂದು ಹೆಸರಿದೆ. ಮಗಳು ತನ್ನದಕ್ಕೆ ಐರಾವತ ಎಂದು ಇಟ್ಟಿದ್ದಾಳೆ. ಇಂದ್ರನ ಆನೆ ಅಂತ ಎಲ್ಲರಿಗೂ ವಿವರಿಸಿದ್ದಾಳೆ. ನಮ್ಮ ಕಡೆ ಅದೊಂದು ವೋಲ್ವೊ ಬಸ್ಸಿನ ಹೆಸರು ಎಂದು ನಾನು ಹೇಳಿಬಿಟ್ಟೆ. ಆಮೇಲಿಂದ ಆ ಮಕ್ಕಳಿಗೆ ಆ ವಾದ್ಯ "ದಿ ಬಸ್".

ಲಾರಿಗೆ ತುಂಬುವಾಗ ಎಂಟೂ ಮಕ್ಕಳು ತಮ್ಮ ವಾದ್ಯಗಳನ್ನು ಬೇರೆ ಯಾರ ಕೈಗೂ ಕೊಡಲಿಲ್ಲ. ಒರೆಸಿದರು, ಡಬ್ಬಕ್ಕೆ ಇಟ್ಟರು, ತಾವೇ ಎತ್ತಿದರು. ಮಗಳು ಕೈಗವಸು, ಒರೆಸುವ ಬಟ್ಟೆ, ವಾಲ್ವಿನ ಎಣ್ಣೆ, ಏನೇನೋ ಸಣ್ಣಪುಟ್ಟದ್ದನ್ನೆಲ್ಲ ನನ್ನ ಕೈಗೆ ತುರುಕಿ "ಅಪ್ಪಾ, ಒಂದ್ನಿಮಿಷ ಹಿಡ್ಕೋ" ಅಂದಳು. ಒಂದು ನಿಮಿಷ ಹೋಗಿ ಅರ್ಧ ಗಂಟೆಯಾಯಿತು. ಬೆರಳು ಮರಗಟ್ಟಿ ಕಾರಿಗೆ ಹೋಗಿ ಕೂತೆ.

ಡಿಸೆಂಬರ್ 28, ವಿಮಾನದಲ್ಲಿ

ನನ್ನ ಪಕ್ಕ ಕೂತಿದ್ದು ಸೂಸಾ ಸೆಕ್ಷನ್ನಿನ ಲೀಡರ್. ಹನ್ನೆರಡನೇ ಕ್ಲಾಸಿನ ಹುಡುಗಿ, ಆರಡಿಗೆ ಒಂದಿಂಚು ಕಮ್ಮಿ, ಜಿರಾಫೆ ಕತ್ತು. ಈ ಪರೇಡ್ ಆದರೆ ಅವಳ ಮಾರ್ಚಿಂಗ್ ಮುಗಿದ ಹಾಗೆ. ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದುತ್ತಾಳಂತೆ.

ಸೂಸಾಫೋನಿನ ಕತೆ ಹೇಳು ಎಂದೆ. ನಾಲ್ಕು ಗಂಟೆಯ ಪ್ರಯಾಣದಲ್ಲಿ ನಿದ್ದೆ ಮಾಡಲು ಬಿಡಲಿಲ್ಲ. ಜಾನ್ ಫಿಲಿಪ್ ಸೂಸಾ ಅಂದರೆ ಅಮೆರಿಕದ ಮಾರ್ಚ್ ಸಂಗೀತದ ದೊಡ್ಡ ಹೆಸರು. 1854ರಲ್ಲಿ ಹುಟ್ಟಿದವನು. ಟ್ಯೂಬಾದ ಸದ್ದು ಇಡೀ ಬ್ಯಾಂಡಿನ ತಲೆಯ ಮೇಲಿಂದ ಹರಡಿಕೊಳ್ಳಬೇಕು ಎನ್ನುವುದು ಅವನ ಆಸೆ. ಅವನು ಹೇಳಿದಂತೆ 1893ರಲ್ಲಿ ಜೆ. ಡಬ್ಲ್ಯು. ಪೆಪ್ಪರ್ ಕಂಪನಿ ಮೊದಲನೆಯದನ್ನು ಮಾಡಿತು. ಆಗ ಅದರ ಬಾಯಿ ಆಕಾಶ ನೋಡುತ್ತಿತ್ತು. ಮಳೆ ಬಂದರೆ ನೀರು ತುಂಬುತ್ತೆ ಎಂದು ಜನ ಅದಕ್ಕೆ ಮಳೆ ಹಿಡಿಯೋದು ಎಂದೇ ಅಡ್ಡಹೆಸರು ಇಟ್ಟರು. ಬಾಯಿ ಮುಂದಕ್ಕೆ ತಿರುಗಿದ್ದು ಆಮೇಲೆ. ತಮಾಷೆ ಅಂದರೆ ಸೂಸಾ ಇದನ್ನು ಕೇಳಿದ್ದು ಕೂತು ನುಡಿಸುವ ಕಛೇರಿಗೆ. ಹೊತ್ತು ನಡೆಯುವ ಪಾಡು ಬಂದಿದ್ದು ನಂತರದವರಿಗೆ.

ಒಹಾಯೊದಲ್ಲಿ ಈ ವಾದ್ಯಕ್ಕೆ ವಿಶೇಷ ಮರ್ಯಾದೆ ಇದೆ. ಒಹಾಯೊ ಸ್ಟೇಟ್ ಯೂನಿವರ್ಸಿಟಿಯ ಬ್ಯಾಂಡು 1936ರಿಂದ ಮೈದಾನದಲ್ಲಿ ನಡೆಯುತ್ತಲೇ ರಾಜ್ಯದ ಹೆಸರನ್ನು ಕೂಡುಬರಹದಲ್ಲಿ ಬರೆಯುತ್ತದೆ. ಕೊನೆಗೆ 'ಐ' ಅಕ್ಷರದ ಮೇಲಿನ ಚುಕ್ಕೆಯ ಜಾಗಕ್ಕೆ ಒಬ್ಬ ಸೂಸಾಫೋನ್ ವಾದಕ ಎದೆಯುಬ್ಬಿಸಿ ನಡೆದು ಹೋಗಿ ನಿಂತು ಬಗ್ಗಿ ನಮಸ್ಕರಿಸುತ್ತಾನೆ. ಸ್ಟೇಡಿಯಂ ಸ್ಟೇಡಿಯಮ್ಮೇ ಕಿರುಚುತ್ತದೆ. ನಾನು ಎಷ್ಟೋ ಸಲ ಟೀವಿಯಲ್ಲಿ ನೋಡಿ, ಒಂದು ಸೊನ್ನೆ ಇಡೋಕೆ ಇಷ್ಟು ಗಲಾಟೆಯಾ ಎಂದು ನಕ್ಕಿದ್ದೇನೆ. ಆ ಹುಡುಗಿಯ ಎದುರು ನಗಲಿಲ್ಲ.

ಡಿಸೆಂಬರ್ 29, ಪ್ಯಾಸಡೀನಾ

ಬೆಳಿಗ್ಗೆ ಲಾರಿ ಬಂತು. ಒಂದು ಶಾಲೆಯ ಪಾರ್ಕಿಂಗ್ ಜಾಗದಲ್ಲಿ ಅಭ್ಯಾಸ. ಬಿಸಿಲು, ತಾಳೆ ಜಾತಿಯ ಮರಗಳು, ಹಿಂದೆ ಸ್ಯಾನ್ ಗೇಬ್ರಿಯಲ್ ಬೆಟ್ಟಸಾಲು. ಒಹಾಯೊದ ಮಕ್ಕಳು ಡಿಸೆಂಬರಿನಲ್ಲಿ ತೋಳಿಲ್ಲದ ಅಂಗಿ ಹಾಕಿಕೊಂಡು ಕುಣಿಯುತ್ತಿದ್ದರು.

ಹತ್ತು ನಿಮಿಷದಲ್ಲಿ ಮಗಳು ಬಂದಳು. ಮುಖ ಬಿಳುಚಿಕೊಂಡಿತ್ತು.

"ಅಪ್ಪಾ, ಒಂದ್ ಬಿಟ್ ಇಲ್ಲ."

ಬಿಟ್ ಅಂದರೆ ಏನು ಎಂದು ನನಗೆ ಗೊತ್ತಾಗಿದ್ದು ಆಗಲೇ. ಸೂಸಾಫೋನಿನ ಕತ್ತಿಗೂ ಬಾಯಿಗಿಡುವ ಮೌತ್‌ಪೀಸಿಗೂ ನಡುವೆ ಎರಡು ಗಿಡ್ಡ ಬಾಗಿದ ಕೊಳವೆಗಳು ಬರುತ್ತವೆ. ಒಂದೊಂದೂ ಹೆಬ್ಬೆರಳಿಗಿಂತ ಸ್ವಲ್ಪ ಉದ್ದ. ಅವನ್ನು ಹೀಗೆ ಹಾಗೆ ತಿರುಗಿಸಿ ಮೌತ್‌ಪೀಸನ್ನು ತಮ್ಮ ತುಟಿಯ ಎತ್ತರಕ್ಕೆ, ಕೋನಕ್ಕೆ ಸರಿಯಾಗಿ ತಂದುಕೊಳ್ಳಬೇಕು. ಒಂದಿಲ್ಲದಿದ್ದರೂ ಊದಬಹುದು. ಆದರೆ ಮೌತ್‌ಪೀಸ್ ಹಿಂದಕ್ಕೆ ಹೋಗಿಬಿಡುತ್ತದೆ, ಶ್ರುತಿಯೂ ಏರುತ್ತದೆ. ನನ್ನ ಮಗಳು ಐದಡಿ ಒಂದಿಂಚು. ತುಟಿ ಎಟುಕಲೇ ಇಲ್ಲ. ಹಾಲಿನ ಚೊಂಬಿಗೆ ಕತ್ತು ಚಾಚುವ ಬೆಕ್ಕಿನ ಹಾಗೆ ಚಾಚಿದಳು. ಸುಮ್ನೆ ಗಾಳಿ ಹೋಯಿತು.

ಡಬ್ಬ ಜಾಲಾಡಿದೆವು. ಲಾರಿಯ ನೆಲದ ಮೇಲೆ ಮೊಬೈಲ್ ದೀಪ ಹಿಡಿದು ಮಂಡಿಯೂರಿ ಹುಡುಕಿದೆವು. ಲಾರಿಯವರು ಎಲ್ಲೋ ಬೀಳಿಸಿರಬೇಕು ಎಂದು ನಾನು ಗೊಣಗಿದೆ. ಬ್ಯಾಂಡ್ ಡೈರೆಕ್ಟರ್ ಯಾರನ್ನೋ ಅಂಗಡಿಗೆ ಓಡಿಸಿದರು. ಮಧ್ಯಾಹ್ನದ ಹೊತ್ತಿಗೆ ಹೊಸ ಬಿಟ್ ಬಂತು. ಅದು ಬೇರೆ ಕಂಪನಿಯದು, ಅಳತೆ ಕೂಡಲಿಲ್ಲ, ಲೊಡಲೊಡ ಅಂತಿತ್ತು. ನಾನು ಹಾರ್ಡ್‌ವೇರ್ ಅಂಗಡಿಯಿಂದ ನಲ್ಲಿಗೆ ಸುತ್ತುವ ಬಿಳಿ ಟೇಪ್ ತಂದು ಸುತ್ತಿದೆ. ನಮ್ಮ ಮನೆಯ ನಲ್ಲಿಗಳೆಲ್ಲ ಇವತ್ತಿಗೂ ಅದರ ಮೇಲೇ ನಿಂತಿವೆ. ಹೆಮ್ಮೆಯಿಂದ ನೋಡುತ್ತಿದ್ದೆ. ಕಾಲು ಗಂಟೆ ನಡೆದ ಮೇಲೆ ಮೌತ್‌ಪೀಸ್ ಮೆಲ್ಲಗೆ ತಿರುಗಿ ಅವಳ ಮೂಗಿಗೆ ಬಡಿಯಿತು.

ಆಗ ಲೀಡರ್ ಹುಡುಗಿ ಬಂದಳು. ಏನೂ ಮಾತಾಡಲಿಲ್ಲ. ತನ್ನ ವಾದ್ಯದಿಂದ ಒಂದು ಬಿಟ್ ತೆಗೆದಳು, ಅಂಗಿಗೆ ಒರೆಸಿದಳು, ಮಗಳದಕ್ಕೆ ಸಿಕ್ಕಿಸಿದಳು. ತನ್ನದರ ಶ್ರುತಿ ಕೊಳವೆಯನ್ನು ಒಂದೆರಡು ಇಂಚು ಹೊರಕ್ಕೆ ಎಳೆದು ಶ್ರುತಿ ಇಳಿಸಿಕೊಂಡಳು. ಆಮೇಲೆ ಕತ್ತನ್ನು ಎಡಕ್ಕೆ ಓರೆ ಮಾಡಿ ತುಟಿ ತಾಗಿಸಿ ಊದಿದಳು. ಸದ್ದು ಸರಿಯಾಗೇ ಬಂತು. "ನನಗೆ ಕತ್ತು ಉದ್ದ ಇದೆ" ಅಂದಳು, ಅಷ್ಟೆ.

ಕತ್ತು ಓರೆ ಮಾಡಿಕೊಂಡು ಪರೇಡಿನಲ್ಲಿ ಎಷ್ಟು ದೂರ ನಡೆಯಬೇಕು ಗೊತ್ತಲ್ಲ? ಐದೂವರೆ ಮೈಲಿ. ಹತ್ತಿರ ಹತ್ತಿರ ಒಂಬತ್ತು ಕಿಲೋಮೀಟರ್.

ಡಿಸೆಂಬರ್ 30

ಪ್ಯಾಸಡೀನಾ ಸಿಟಿ ಕಾಲೇಜಿನ ಮೈದಾನದಲ್ಲಿ ಬ್ಯಾಂಡ್‌ಫೆಸ್ಟ್. ಪರೇಡಿಗೆ ಬಂದ ಬ್ಯಾಂಡುಗಳು ಸರದಿಯಲ್ಲಿ ತಮ್ಮ ಮೈದಾನದ ಪ್ರದರ್ಶನ ಕೊಡುತ್ತವೆ. ನಮ್ಮವರು ಚೆನ್ನಾಗಿ ಮಾಡಿದರು. ಟ್ರಂಪೆಟ್ಟಿನವರಿಗೆ ಎಂದಿನಂತೆ ಜಾಸ್ತಿ ಚಪ್ಪಾಳೆ. ಸೂಸಾಗಳು ಅದಕ್ಕೆ ತಲೆ ಕೆಡಿಸಿಕೊಳ್ಳುವುದಿಲ್ಲ, ಅಥವಾ ಹಾಗೆ ತೋರಿಸಿಕೊಳ್ಳುತ್ತಾರೆ. "ನಾವು ನಿಲ್ಲಿಸಿದರೆ ಅವರು ಎಷ್ಟು ತೆಳು ಕೇಳಿಸ್ತಾರೆ ನೋಡಿ" ಎಂದು ಒಬ್ಬ ಹುಡುಗ ನನ್ನ ಕಿವಿಯಲ್ಲಿ ಹೇಳಿದ. ಈ ಎರಡು ಸೆಕ್ಷನ್ನುಗಳ ಜಗಳ ಅತ್ತೆ ಸೊಸೆ ಜಗಳದ ಹಾಗೆ. ಒಬ್ಬರನ್ನು ಬಿಟ್ಟು ಒಬ್ಬರಿಗೆ ಆಗುವುದಿಲ್ಲ.

ಮಧ್ಯಾಹ್ನ ಮತ್ತೆ ತಿರುವಿನ ಅಭ್ಯಾಸ. ಪರೇಡ್ ಆರೆಂಜ್ ಗ್ರೋವ್ ರಸ್ತೆಯಲ್ಲಿ ಹೊರಟು, ಸ್ವಲ್ಪ ದೂರದಲ್ಲೇ ಬಲಕ್ಕೆ ತಿರುಗಿ ಕೊಲರಾಡೊ ರಸ್ತೆಗೆ ಸೇರುತ್ತದೆ. ಟೀವಿ ಕ್ಯಾಮೆರಾಗಳೆಲ್ಲ ಆ ಮೂಲೆಯಲ್ಲೇ. ಸುಮ್ನೆ ಬಲಕ್ಕೆ ತಿರುಗಿದರೆ ಸಾಲದು, ಲಂಬಕೋನಕ್ಕಿಂತ ಇನ್ನೂ ಸ್ವಲ್ಪ ಜಾಸ್ತಿ ತಿರುಗಬೇಕು, ಸಾಲು ಮಾತ್ರ ಗೆರೆ ಎಳೆದ ಹಾಗೆ ಇರಬೇಕು. ಬಲತುದಿಯವರು ನಿಂತಲ್ಲೇ ಹೆಜ್ಜೆ ಹಾಕುತ್ತಿರುತ್ತಾರೆ. ಎಡತುದಿಯವರು ದಾಪುಗಾಲು. ಎಂಟು ಸೂಸಾಗಳು ಒಂದೇ ಸಾಲು. ಬಲತುದಿಗೆ ಲೀಡರ್. ಎಡತುದಿಗೆ ಯಾರು? ಎಂಟು ಜನರಲ್ಲಿ ಎಲ್ಲರಿಗಿಂತ ಗಿಡ್ಡ ಕಾಲಿನವಳು, ನನ್ನ ಮಗಳು.

ಜಾಗ ಬದಲಾಯಿಸಬಹುದಲ್ಲ ಎಂದು ನಾನು ಕೇಳಿದೆ. ಆ ಜಾಗ ಕಳೆದ ಮೇ ತಿಂಗಳಲ್ಲಿ ಪರೀಕ್ಷೆ ಮಾಡಿ ಕೊಟ್ಟಿದ್ದಂತೆ. ಅಲ್ಲಿ ನಿಲ್ಲೋಕೆ ಮೂರು ಜನ ಪೈಪೋಟಿ ಮಾಡಿದ್ದರಂತೆ. "ಅಪ್ಪಾ, ಇದನ್ನ ಯಾರ ಹತ್ರಾನೂ ಹೇಳ್ಬೇಡ" ಅಂದಳು. ಇಲ್ಲಿ ಬರೆದಿದ್ದೇನೆ, ಕ್ಷಮಿಸಲಿ.

ಬೇಸಿಗೆಯಿಂದ ಈ ಎಂಟು ಜನ ವಾರಕ್ಕೊಂದು ದಿನ ಶಾಲೆಯ ಟ್ರ್ಯಾಕಿನಲ್ಲಿ ವಾದ್ಯ ಹೊತ್ತು 22 ಸುತ್ತು ನಡೆದಿದ್ದಾರೆ. ಒಂದು ಸುತ್ತಿಗೆ 400 ಮೀಟರ್, ಲೆಕ್ಕ ಹಾಕಿದರೆ ಪರೇಡಿನ ದಾರಿ. ಬೇರೆ ಸೆಕ್ಷನ್ನಿನವರು ಹನ್ನೆರಡು ಸುತ್ತಿಗೇ ಸಾಕು ಎಂದಿದ್ದರಂತೆ. ಅದನ್ನು ಇವರು ಇವತ್ತಿಗೂ ಮರೆತಿಲ್ಲ.

ಡಿಸೆಂಬರ್ 31

ಬೆಳಿಗ್ಗೆ ಹೂವಿನ ರಥಗಳನ್ನು ಅಲಂಕರಿಸುವ ಶೆಡ್ಡಿಗೆ ಹೋದೆವು. ರಥದ ಹೊರಮೈ ಇಂಚಿಂಚೂ ಹೂವು, ಎಲೆ, ಬೀಜ, ತೊಗಟೆಗಳಿಂದಲೇ ಮುಚ್ಚಿರಬೇಕು ಎನ್ನುವುದು ನಿಯಮ. ಒಬ್ಬ ಅಜ್ಜಿ ಕುರ್ಚಿ ಹಾಕಿಕೊಂಡು ಹುರುಳಿಕಾಳಿನ ಗಾತ್ರದ ಬೀಜಗಳನ್ನು ಒಂದೊಂದಾಗಿ ಅಂಟಿಸುತ್ತಿದ್ದರು. ಮೈಸೂರಿನ ಕುಪ್ಪಣ್ಣ ಪಾರ್ಕಿನ ದಸರಾ ಫಲಪುಷ್ಪ ಪ್ರದರ್ಶನ ನೆನಪಾಯಿತು. 1890ರಲ್ಲಿ ಈ ರೋಸ್ ಪರೇಡ್ ಶುರುವಾಗಿದ್ದೇ ಅಮೆರಿಕದ ಪೂರ್ವದವರ ಹೊಟ್ಟೆ ಉರಿಸೋಕೆ. ನಿಮ್ಮಲ್ಲಿ ಹಿಮ ಬೀಳುವಾಗ ನಮ್ಮಲ್ಲಿ ಗುಲಾಬಿ ಅರಳಿದೆ ನೋಡಿ ಅಂತ. ಒಹಾಯೊದಿಂದ ಹೋದವನಿಗೆ ಉರಿಯಿತು, ಸುಳ್ಳು ಹೇಳಲ್ಲ.

ವಾಪಸ್ ಬರುವಾಗ ಬಸ್ಸಿನಿಂದ ನೋಡಿದರೆ ಕೊಲರಾಡೊ ರಸ್ತೆಯ ಎರಡೂ ಫುಟ್‌ಪಾತಿನಲ್ಲಿ ಜನ ಹಾಸಿಗೆ ಹಾಸಿಕೊಂಡು ಕೂತಿದ್ದರು. ನಾಳೆ ಬೆಳಿಗ್ಗೆಯ ಮೆರವಣಿಗೆಗೆ ಇವತ್ತು ಮಧ್ಯಾಹ್ನದಿಂದಲೇ ಜಾಗ. ನಾನೂ ಹುಡುಗನಾಗಿದ್ದಾಗ ಜಂಬೂಸವಾರಿಗೆ ಸಯ್ಯಾಜಿರಾವ್ ರಸ್ತೆಯಲ್ಲಿ ಬೆಳಗಿಂದ ಹೀಗೇ ಕೂತಿದ್ದೇನೆ. ಅಮ್ಮ ಕಟ್ಟಿಕೊಟ್ಟ ಚಿತ್ರಾನ್ನ, ಮಧ್ಯಾಹ್ನದ ಬಿಸಿಲು, ಆಮೇಲೆ ದೂರದಿಂದ ಪೊಲೀಸ್ ಬ್ಯಾಂಡಿನ ಸದ್ದು. ಅದು ಮಹಾರಾಜರ ಕಾಲದ ಅರಮನೆ ಬ್ಯಾಂಡು. ಕದ್ರಿ ಗೋಪಾಲನಾಥರಿಗೆ ಸ್ಯಾಕ್ಸೋಫೋನಿನ ಹುಚ್ಚು ಹಿಡಿದಿದ್ದೂ ಆ ಅರಮನೆ ಬ್ಯಾಂಡು ಕೇಳಿಯೇ. ಅಷ್ಟು ವರ್ಷ ನೋಡಿದ್ದೇನೆ, ಆ ಬ್ಯಾಂಡಿನಲ್ಲಿ ದೊಡ್ಡ ಕಹಳೆ ಹೊತ್ತವರ ಮುಖ ಒಂದು ಸಲವೂ ನೋಡಿದ ನೆನಪಿಲ್ಲ.

ಸಂಜೆ ಏಳಕ್ಕೆ ದೀಪ ಆರಿಸಿ ಮಲಗಿ ಎಂದು ಆಜ್ಞೆ. ಹೊಸ ವರ್ಷದ ಮುನ್ನಾದಿನ 184 ಹದಿಹರೆಯದವರನ್ನು ಏಳಕ್ಕೆ ಮಲಗಿಸುವುದು ಹೇಗೆ ಎಂದು ಕೇಳಬೇಡಿ. ಕಾರಿಡಾರಿನಲ್ಲಿ ಕುರ್ಚಿ ಹಾಕಿಕೊಂಡು ಕಾವಲು ಕೂತೆ.

ಜನವರಿ 1

ಎರಡೂವರೆಗೆ ಎಬ್ಬಿಸಿದೆವು. ನಾಲ್ಕೂವರೆಗೆ ಬಸ್ಸು ಇಳಿಸಿತು. ಕತ್ತಲು, ಚಳಿ. ಹಿತ್ತಾಳೆ ತಣ್ಣಗಾದರೆ ಶ್ರುತಿ ಇಳಿಯುತ್ತದೆ. ಅದಕ್ಕೆ ಎಂಟೂ ಮಕ್ಕಳು ಸದ್ದು ಮಾಡದೆ ಬಿಸಿ ಗಾಳಿ ಊದುತ್ತಾ ನಿಂತಿದ್ದರು. ಹಸುಗಳು ಉಸಿರಾಡಿದ ಹಾಗೆ ಕೇಳಿಸುತ್ತಿತ್ತು. ಲೀಡರ್ ಹುಡುಗಿ ಒಬ್ಬೊಬ್ಬರ ಬಳಿ ಹೋಗಿ ಗುಂಡಿ, ಟೋಪಿಯ ಪಟ್ಟಿ, ಬೂಟಿನ ಲೇಸು ನೋಡಿದಳು. ಮಗಳ ಬಿಟ್ಟನ್ನು ಕೈಯಿಂದ ಒತ್ತಿ ಗಟ್ಟಿ ಇದೆಯಾ ಎಂದು ನೋಡಿ ಮುಂದೆ ಹೋದಳು.

ಎಂಟಕ್ಕೆ ಸರಿಯಾಗಿ ತಲೆಯ ಮೇಲೆ ಬಿ-2 ಯುದ್ಧವಿಮಾನ ಹಾದುಹೋಯಿತು, ಪರೇಡ್ ಶುರು. ನಮ್ಮ ಸರದಿ ಬರುವಷ್ಟರಲ್ಲಿ ಇನ್ನೂ ಮುಕ್ಕಾಲು ಗಂಟೆ. ಬ್ಯಾಂಡಿನ ಪಕ್ಕದಲ್ಲಿ ನಡೆಯಲು ಕೆಲವೇ ಹಿರಿಯರಿಗೆ ಅವಕಾಶ. ಚೀಟಿ ಎತ್ತಿದಾಗ ನನ್ನ ಹೆಸರು ಬಂದಿತ್ತು. ಬೆನ್ನಿಗೆ ನೀರಿನ ಚೀಲ ಹಾಕಿಕೊಂಡು ಕೊನೆಯ ಸಾಲಿನ ಪಕ್ಕ ನಿಂತೆ.

ತಿರುವು ಬಂತು. ನಾನು ಉಸಿರು ಹಿಡಿದೆ. ಸೂಸಾಫೋನಿನ ಕೊಳವೆ ಎಡಗಡೆಯ ನೋಟವನ್ನು ಮರೆಮಾಡುತ್ತದೆ. ಕಾಣುವುದು ಬಲಗಡೆ ಮಾತ್ರ. ತುದಿಯಲ್ಲಿರುವ ನನ್ನ ಮಗಳು ಬಲಗಣ್ಣಿನ ಅಂಚಿನಲ್ಲಿ ಏಳು ಜನರನ್ನು ನೋಡುತ್ತಾ ಅವರ ಗೆರೆಗೆ ತಾನು ಬರಬೇಕು. ಅವಳ ಕಾಲು ಕತ್ತರಿಯ ಹಾಗೆ ತೆರೆದುಕೊಳ್ಳುತ್ತಿತ್ತು. ಮೇಲಿನ ಮೈ ಮಾತ್ರ ಅಲುಗಲಿಲ್ಲ, ಗಂಟೆಯಾಕಾರದ ಆ ಎಂಟು ಬಾಯಿಗಳು ಒಂದೇ ಎತ್ತರದಲ್ಲಿ, ಬಾಗಿಲು ತೆರೆದ ಹಾಗೆ ತಿರುಗಿದವು. ಆ ಕಡೆ ತುದಿಯಲ್ಲಿ ಲೀಡರ್ ನಿಂತಲ್ಲೇ ಹೆಜ್ಜೆ ಹಾಕುತ್ತಾ, ಕತ್ತು ಓರೆ ಮಾಡಿಕೊಂಡು ಊದುತ್ತಿದ್ದಳು. ಬಿಸಿಲು ಹಿತ್ತಾಳೆಗೆ ಬಿದ್ದು ನನ್ನ ಕಣ್ಣು ಕುಕ್ಕಿತು. ಕಣ್ಣಲ್ಲಿ ನೀರು ಬಂದಿದ್ದಕ್ಕೆ ಅದೇ ಕಾರಣ ಎಂದು ಪಕ್ಕದವರಿಗೆ ಹೇಳಿದೆ.

ಆಮೇಲಿನ ದಾರಿ ಉದ್ದ. ನಮ್ಮ ಮುಂದೆ ಕುದುರೆ ತಂಡ. ಅವುಗಳ ಹಿಂದೆ ಪೊರಕೆ, ಸಲಿಕೆ ಹಿಡಿದು ಲದ್ದಿ ಬಳಿಯುವವರು. ಜನ ಅವರಿಗೆ ಕೊಟ್ಟಷ್ಟು ಚಪ್ಪಾಳೆ ಯಾವ ಬ್ಯಾಂಡಿಗೂ ಕೊಡಲಿಲ್ಲ. ಆದರೂ ಅಲ್ಲಲ್ಲಿ ಉಳಿದಿರುತ್ತಿತ್ತು. ಮೈಸುತ್ತ ಕೊಳವೆ ಇರುವವರಿಗೆ ಕಾಲಡಿ ಏನಿದೆ ಕಾಣುವುದಿಲ್ಲ. ಎಂಟು ಜೊತೆ ಬಿಳಿ ಬೂಟುಗಳಲ್ಲಿ ಮೂರು ಕೊನೆಯ ತನಕ ಬಿಳಿಯಾಗಿ ಉಳಿದವು. ಸಾಲು ತಪ್ಪಿಸಿ ಪಕ್ಕಕ್ಕೆ ಹೆಜ್ಜೆ ಇಟ್ಟವರು ಒಬ್ಬರೂ ಇಲ್ಲ.

ನಾಲ್ಕನೇ ಮೈಲಿಯಲ್ಲಿ ಲೀಡರಿನ ಕತ್ತಿನ ಎಡಭಾಗದಲ್ಲಿ ಕೊಳವೆ ಉಜ್ಜಿ ಕೆಂಪು ಬರೆ ಎದ್ದಿತ್ತು. ಹಾಡಿನ ನಡುವಿನ ಬಿಡುವಿನಲ್ಲಿ ಓಡಿಹೋಗಿ ನೀರು ಕೊಟ್ಟೆ. ಬಟ್ಟೆ ಮಡಚಿ ಇಡಲಾ ಎಂದೆ. ತಲೆ ಅಲ್ಲಾಡಿಸಿದಳು. "ಅವಳು ಹೇಗಿದ್ದಾಳೆ?" ಎಂದು ಆ ತುದಿಯತ್ತ ಕಣ್ಣಲ್ಲೇ ಕೇಳಿದಳು. ಚೆನ್ನಾಗಿದ್ದಾಳೆ ಎಂದೆ. ಡ್ರಮ್ಮಿನವರು ಶುರು ಮಾಡಿದರು, ಮತ್ತೆ ಕತ್ತು ಓರೆಯಾಯಿತು.

ಕೊನೆಯ ಹತ್ತಿರ ರಸ್ತೆ 210 ಹೆದ್ದಾರಿಯ ಸೇತುವೆಯ ಕೆಳಗೆ ಹೋಗುತ್ತದೆ. ಎತ್ತರದ ರಥಗಳು ಅಲ್ಲಿ ಮಡಚಿಕೊಂಡು ತಗ್ಗಿ ನುಸುಳಬೇಕು. ಆ ಹೊತ್ತಿಗೆ ಮಕ್ಕಳೆಲ್ಲ ಸೋತಿದ್ದರು. ಟ್ರಂಪೆಟ್ಟುಗಳ ಸ್ವರ ಅಲ್ಲಲ್ಲಿ ಒಡೆಯುತ್ತಿತ್ತು, ಪಾಪ, ತುಟಿಯಲ್ಲಿ ಜೀವವೇ ಉಳಿದಿರಲಿಲ್ಲ. ಕೊನೆಯ ಸಾಲು ಸೇತುವೆಯ ನೆರಳಿಗೆ ಕಾಲಿಟ್ಟಿತು. ಎಂಟೂ ಸೂಸಾಗಳು ಒಂದೇ ಉಸಿರಿಗೆ ಊದಿದವು. ಕಾಂಕ್ರೀಟಿನ ಕೆಳಗೆ ಆ ಸದ್ದು ನನ್ನ ಕಿವಿಗಿಂತ ಮೊದಲು ಎದೆಗೂಡಿಗೆ ಬಂತು. ಪಕ್ಕೆಲುಬು ನಡುಗಿತು. ಮುಂದಿನ ಸಾಲಿನ ಮಕ್ಕಳು ಬೆನ್ನು ನೆಟ್ಟಗೆ ಮಾಡಿಕೊಂಡಿದ್ದನ್ನು ನಾನು ಹಿಂದಿನಿಂದ ನೋಡಿದೆ. ಬೊಂಬೊಂ ಎಂದು ಅಣಕಿಸಿದ್ದೆನಲ್ಲ, ಅದೇ ಬೊಂಬೊಂ.

ಮುಗಿದ ಮೇಲೆ ವಾದ್ಯ ಇಳಿಸಿ ಹುಲ್ಲಿನ ಮೇಲೆ ಬಿದ್ದುಕೊಂಡರು. ಎಂಟೂ ಜನರ ಎಡ ಹೆಗಲಲ್ಲಿ ಒಂದೇ ಜಾಗದಲ್ಲಿ ಕಲೆ. ಒಬ್ಬರದ್ದೊಬ್ಬರು ನೋಡಿ ಫೋಟೊ ತೆಗೆದುಕೊಂಡರು.

ಮೈಸೂರಿನಿಂದ ಅಮ್ಮನ ಫೋನ್. ಒಹಾಯೊದಲ್ಲಿ ನನ್ನ ಹೆಂಡತಿ ಟೀವಿಗೆ ಮೊಬೈಲ್ ಹಿಡಿದು ತೋರಿಸಿದ್ದಳು. ಅಲ್ಲಿ ಆಗಲೇ ರಾತ್ರಿ ಹನ್ನೆರಡು ದಾಟಿತ್ತು, ಅಮ್ಮ ಮಲಗಿರಲಿಲ್ಲ.

"ಮಗೂನ ಯಾಕೋ ಕೊನೇ ಸಾಲಲ್ಲಿ ನಿಲ್ಲಿಸಿದ್ರು?"

"ಅದು ದೊಡ್ಡ ವಾದ್ಯ ಅಲ್ವಾ ಅಮ್ಮ, ಹಿಂದೇನೇ ಇರುತ್ತೆ."

ಅಮ್ಮ ಸ್ವಲ್ಪ ಯೋಚಿಸಿದಳು. "ಸರಿ ಬಿಡು. ಅಂಬಾರಿ ಆನೆಯೂ ಕೊನೆಗೇ ತಾನೆ ಬರೋದು. ಕೆನ್ನೆ ಊದಿತ್ತು, ಬಿಸಿನೀರಲ್ಲಿ ಮುಖ ತೊಳೆಯೋಕೆ ಹೇಳು."

ಮಗಳಿಗೆ ಹೇಳಿದೆ. ಅವಳು ಅದನ್ನು ಇಂಗ್ಲಿಷಿಗೆ ತಿರುಗಿಸಿ ಉಳಿದ ಏಳು ಜನರಿಗೆ ಹೇಳಿದಳು. 750 ಕಿಲೊ ಅಂಬಾರಿ, ಐದು ಕಿಲೋಮೀಟರ್ ದಾರಿ ಎಂದು ಅಂಕಿಅಂಶ ಒದಗಿಸಿದೆ. "ನಾವು ಒಂಬತ್ತು ನಡೆದ್ವಿ" ಎಂದ ಒಬ್ಬ ಹುಡುಗ, ಮಲಗಿದಲ್ಲಿಂದಲೇ.

ಜನವರಿ 2

ಡಿಸ್ನಿಲ್ಯಾಂಡ್. ಸರತಿ ಸಾಲು, ದುಬಾರಿ ನೀರು, ಇನ್ನಷ್ಟು ಸರತಿ ಸಾಲು. ಅಷ್ಟೇ.

ಜನವರಿ 3, ಒಹಾಯೊ

ರಾತ್ರಿ ಹನ್ನೊಂದಕ್ಕೆ ಬಸ್ಸು ಶಾಲೆಗೆ ತಂದು ಬಿಟ್ಟಿತು. ಆರು ದಿನದಿಂದ ಅಲ್ಲೇ ನಿಂತಿದ್ದ ಕಾರು ಹಿಮದಡಿ ಹೂತಿತ್ತು. ಗಾಜು ಕೆರೆದು, ಎಂಜಿನ್ ಹಾಕಿ, ಕಾಫಿ ಲೋಟ ಇಡುವ ಗುಂಡಿಗೆ ಮೊಬೈಲ್ ಇಡಲು ಹೋದೆ. ಟಣ್ ಎಂದಿತು.

ಒಳಗೆ ಬಾಗಿದ ಗಿಡ್ಡ ಹಿತ್ತಾಳೆ ಕೊಳವೆ. ಮಂಜುಗಡ್ಡೆಯಷ್ಟು ತಣ್ಣಗೆ.

26ರ ಬೆಳಿಗ್ಗೆ, ಬೆರಳು ಮರಗಟ್ಟಿದಾಗ, ಕೈಯಲ್ಲಿದ್ದಿದ್ದನ್ನು ನಾನೇ ಅಲ್ಲಿ ಇಟ್ಟಿದ್ದೆ. ಲಾರಿಯವರಿಗೆ ಮನಸ್ಸಿನಲ್ಲೇ ಕ್ಷಮೆ ಕೇಳಿದೆ. ಮಗಳು ಬೈಯುತ್ತಾಳೆ ಎಂದುಕೊಂಡೆ. ಅವಳು ಅದನ್ನು ಎರಡು ಅಂಗೈ ನಡುವೆ ಇಟ್ಟು ಬಿಸಿ ಮಾಡಿದಳು. ಫೋಟೊ ತೆಗೆದು ಎಂಟು ಜನರ ಗುಂಪಿಗೆ ಕಳಿಸಿದಳು. ಟಿಂಗ್ ಟಿಂಗ್ ಎಂದು ಉತ್ತರಗಳು ಬಂದವು. ಓದಿ ಹೇಳು ಎಂದೆ. "ಬೇಡ ಬಿಡಪ್ಪ, ಎಲ್ಲಾ ನಿನ್ ಬಗ್ಗೇನೇ" ಅಂದಳು.

"ಸೋಮವಾರ ಅವಳ ಬಿಟ್ ಅವಳಿಗೆ ವಾಪಸ್ ಕೊಡು, ಮರೀಬೇಡ."

"ಇಲ್ಲ. ಅವಳಿಗೆ ಇದನ್ನ ಕೊಡ್ತೀನಿ. ಅವಳದ್ದು ನನ್ ಹತ್ರಾನೇ ಇರತ್ತೆ. ಆಗ್ಲೇ ಮಾತಾಡ್ಕೊಂಡಿದೀವಿ."

"ಎರಡೂ ಒಂದೇ ತರ ಇದೆಯಲ್ಲೇ ಪುಟ್ಟಿ?"

ಅವಳು ನನ್ನ ಕಡೆ ಒಂದು ಸಲ ನೋಡಿ, ಸೀಟ್ ಬೆಲ್ಟ್ ಹಾಕಿಕೊಂಡಳು.